ಯಾರಿಗೆ ಅಂತ ಕೇಳಿದ ಅಂಗಡಿಯಜ್ಜ

(ಸಿಂಗಪುರದಲ್ಲಿ ನಾವು ಕೆಲವು ಕನ್ನಡಿಗರು ಸೇರುವ ಭಾನುವಾರದ ಕೂಟದಲ್ಲಿ ಜಿನ್ಸೆಂಗ್ ಬೇರಿನ ಬಗ್ಗೆ ಆಡಿದ ಮಾತು. ಬರಹಕ್ಕೆ ತರುವಾಗ ಕೆಲವು ಕಡೆ ತಿದ್ದಿದ್ದೇನೆ, ಆಡುವಾಗ ಮರೆತ ಒಂದೆರಡು ಸಂಗತಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲು ಈ ಡಬ್ಬಿ ಹಿಡಿದುಕೊಳ್ಳಿ. ಮುಂದಿನ ಸಾಲಿನವರು ನೋಡಿ ಹಿಂದಕ್ಕೆ ದಾಟಿಸಿ. ಒಳಗೆ ಹತ್ತಿಯ ಮೇಲೆ ಒಂದೇ ಒಂದು ಬೇರು ಮಲಗಿದೆ. ಕೊರಿಯಾದ ತೋಟದಲ್ಲಿ ಆರು ವರ್ಷ ಬೆಳೆಸಿ, ಹಬೆಯಲ್ಲಿ ಬೇಯಿಸಿ ಒಣಗಿಸಿದ ಕೆಂಪು ಜಿನ್ಸೆಂಗ್. ಮುಟ್ಟಬಹುದು, ಮೂಸಬಹುದು. ನನಗೆ ಮಳೆ ಬಿದ್ದ ಮಣ್ಣಿಗೆ ಸ್ವಲ್ಪ ಸುಟ್ಟ ಬೆಲ್ಲ ಸೇರಿಸಿದ ಹಾಗೆ ವಾಸನೆ ಬರುತ್ತದೆ. ನಿಮಗೆ ಏನನ್ನಿಸಿತು ಅಂತ ಆಮೇಲೆ ಹೇಳಿ.

ಆಕಾರ ನೋಡಿ. ಒಂದು ದೇಹ, ಕೆಳಗೆ ಎರಡು ಕಾಲು, ಪಕ್ಕದಲ್ಲಿ ಕೈಯಂಥ ಸಣ್ಣ ಬೇರು. ಚೀನೀ ಭಾಷೆಯಲ್ಲಿ ಇದರ ಹೆಸರು ರೆನ್‌ಶೆನ್. ‘ರೆನ್’ ಅಂದರೆ ಮನುಷ್ಯ. ಮೇಲ್ತುದಿಯಲ್ಲಿ ಒಂದು ಗಿಡ್ಡ ಕುತ್ತಿಗೆ ಇದೆ, ಅದರ ಮೇಲೆ ಉಗುರಿನಿಂದ ಒತ್ತಿದಂಥ ಗುಳಿಗಳಿವೆ. ಈ ಗಿಡದ ಕಾಂಡ ಪ್ರತಿ ಚಳಿಗಾಲ ಒಣಗಿ ಬಿದ್ದುಹೋಗುತ್ತದೆ. ಬಿದ್ದ ಜಾಗದಲ್ಲಿ ಒಂದು ಗುಳಿ ಉಳಿಯುತ್ತದೆ. ಕಾಡಿನ ಬೇರಾದರೆ ಈ ಗುಳಿ ಎಣಿಸಿಯೇ ವಯಸ್ಸು ಹೇಳುವುದು. ಹಸುವಿನ ಹಲ್ಲು ನೋಡಿ ವಯಸ್ಸು ಹೇಳುತ್ತಾರಲ್ಲ, ಹಾಗೆ.

ನಾನು ಓದಿದ್ದು ಫಾರ್ಮಸಿ. ಬೇರು, ತೊಗಟೆ, ಕಷಾಯ ಅಂದರೆ ಮೊದಲಿಂದಲೂ ಸ್ವಲ್ಪ ಹುಚ್ಚು. ಇಲ್ಲಿಗೆ ಬಂದ ಹೊಸದರಲ್ಲಿ ಸೌತ್ ಬ್ರಿಡ್ಜ್ ರಸ್ತೆಯ ಮಾರಿಯಮ್ಮನ ಗುಡಿಗೆ ಹೋದಾಗಲೆಲ್ಲ ಸುತ್ತಲಿನ ಚೈನಾಟೌನ್ ಗಲ್ಲಿಗಳಲ್ಲಿ ಒಂದು ಸುತ್ತು ಹಾಕುತ್ತಿದ್ದೆ. ಚೀನೀ ಮದ್ದಿನ ಅಂಗಡಿ ನೀವೂ ನೋಡಿರುತ್ತೀರಿ. ಗೋಡೆ ತುಂಬಾ ಪುಟ್ಟ ಪುಟ್ಟ ಮರದ ಡ್ರಾಯರುಗಳು, ಗಾಜಿನ ಭರಣಿಗಳಲ್ಲಿ ಒಣಗಿದ ಏನೇನೋ. ನಮ್ಮ ಗ್ರಂದಿಗೆ ಅಂಗಡಿಯದೇ ವಾಸನೆ. ಒಂದು ದಿನ ಧೈರ್ಯ ಮಾಡಿ ಒಳಗೆ ಹೋಗಿ, ‘ಜಿನ್ಸೆಂಗ್ ಬೇಕು’ ಅಂದೆ. ಗಲ್ಲಾದ ಹಿಂದಿದ್ದ ಅಜ್ಜ ಕನ್ನಡಕದ ಮೇಲಿಂದ ನೋಡಿ ಒಂದೇ ಮಾತು ಕೇಳಿದರು: ‘ಯಾರಿಗೆ?’

ನನಗೇ ಅಂದೆ. ವಯಸ್ಸೆಷ್ಟು, ನಿದ್ದೆ ಹೇಗೆ, ಬಾಯಿ ಒಣಗುತ್ತದಾ, ಕೈ ಕಾಲು ಸದಾ ತಣ್ಣಗಿರುತ್ತದಾ, ಬಿಪಿ ಇದೆಯಾ ಅಂತ ಸಾಲಾಗಿ ಕೇಳಿದರು. ಕೊನೆಗೆ ‘ನಿನಗೆ ಬೇಡ’ ಅಂದುಬಿಟ್ಟರು! ದುಡ್ಡು ಕೊಡುತ್ತೇನೆ ಅಂದರೂ ಬೇಡವಂತೆ. ನನಗೆ ಸಿಟ್ಟು ಬಂತು. ಬೇರೆ ಕಡೆ ಹೋಗಿ, ಒಂದು ಪ್ರಶ್ನೆಯನ್ನೂ ಕೇಳದ ಅಂಗಡಿಯಲ್ಲಿ ಕೆಂಪು ಜಿನ್ಸೆಂಗ್ ಸಾರದ ಬಾಟಲಿ ತಗೊಂಡೆ. ಆಗ ನೈಟ್ ಶಿಫ್ಟು ಜಾಸ್ತಿ ಇತ್ತು, ಸುಸ್ತು ಹೋಗಲಿ ಅಂತ ದಿನಕ್ಕೆ ಎರಡು ಸಲ ಕುಡಿದೆ. ಎರಡು ವಾರದಲ್ಲಿ ಬಾಯಿ ತುಂಬಾ ಹುಣ್ಣು, ರಾತ್ರಿ ಕಣ್ಣು ಮುಚ್ಚಿದರೆ ಎದೆ ಡವಡವ, ಮನೆಯವರ ಮೇಲೆ ಸುಮ್ನೆ ರೇಗಾಟ. ಎದುರು ಮನೆಯ ಚೀನೀ ಆಂಟಿ ಬಾಟಲಿ ನೋಡಿ ನಕ್ಕರು. ‘ನೀನು ಮೊದಲೇ ಹೀಟಿ, ಅದರ ಮೇಲೆ ಇದನ್ನು ಸುರಿದಿದ್ದೀಯ!’

ಹೀಟಿ, ಕೂಲಿಂಗ್. ಸಿಂಗಪುರದವರ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುವ ಮಾತು ಇದು. ನಮಗೇನೂ ಹೊಸದಲ್ಲ, ಅಲ್ವಾ? ಹುರುಳಿ ಉಷ್ಣ, ಮೆಂತ್ಯ ತಂಪು ಅಂತ ಅಜ್ಜಿ ಹೇಳುತ್ತಿದ್ದರಲ್ಲ, ಅದೇ ಲೆಕ್ಕ. ಏಷ್ಯಾದ ಜಿನ್ಸೆಂಗ್ ಸಿಹಿ, ತುಸು ಕಹಿ, ತುಸು ಉಷ್ಣ. ಹಬೆಯಲ್ಲಿ ಬೇಯಿಸಿದ ಕೆಂಪು ಬೇರು ಇನ್ನೂ ಉಷ್ಣ. ಅದೇ ಕುಲದ ಅಮೆರಿಕದ ಬೇರು ತಂಪು. ಇಲ್ಲಿ ಪರೀಕ್ಷೆ ಹೊತ್ತಿಗೆ ತಾಯಂದಿರು ಮಕ್ಕಳಿಗೆ ಚಹಾದ ಹಾಗೆ ಮಾಡಿಕೊಡುವುದು ಈ ಅಮೆರಿಕದ ಬೇರಿನ ಬಿಲ್ಲೆಗಳನ್ನು.

ಆ ಅಜ್ಜ ಕೇಳಿದ ‘ಯಾರಿಗೆ’ ಅನ್ನುವ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಇವತ್ತು ಜಗತ್ತಿನಲ್ಲೆಲ್ಲ ಈ ಬೇರನ್ನು ಮಾರುತ್ತಿರುವುದು ‘ಎಲ್ಲರಿಗೂ’ ಅಂತ. ಬಾಟಲಿ ಮೇಲೆ ಅಡಾಪ್ಟೋಜೆನ್ ಅಂತ ಬರೆದಿರುತ್ತದೆ, ಅಂದರೆ ಎಂಥ ಒತ್ತಡಕ್ಕೂ ದೇಹವನ್ನು ಹೊಂದಿಸುವ ಮದ್ದು ಅಂತ. ಸುಸ್ತಾದವರಿಗೆ ಚೈತನ್ಯ, ಟೆನ್ಶನ್ ಆದವರಿಗೆ ನೆಮ್ಮದಿ, ಏನೂ ಆಗದವರಿಗೂ ಒಂದಿಷ್ಟು ಇರಲಿ ಅಂತ. ಆದರೆ ಇದನ್ನು ಎರಡು ಸಾವಿರ ವರ್ಷ ಬಳಸಿದ ವೈದ್ಯರು ಹಾಗೆ ಹೇಳಿದವರಲ್ಲ. ಇವತ್ತಿನ ನನ್ನ ಮಾತೆಲ್ಲ ಈ ಜಗಳದ ಬಗ್ಗೆಯೇ.

ಹಳೆಯದರಿಂದ ಶುರು ಮಾಡೋಣ. ಚೀನಾದ ಅತಿ ಹಳೆಯ ಔಷಧ ಗ್ರಂಥ ಶೆನ್‌ನೊಂಗ್ ಬೆನ್‌ಸಾವ್ ಜಿಂಗ್. ಅದರಲ್ಲಿ 365 ಮದ್ದುಗಳು, ಮೂರು ದರ್ಜೆ. ಜಿನ್ಸೆಂಗ್ ಮೇಲಿನ ದರ್ಜೆಯಲ್ಲಿದೆ. ಒಳಗಿನ ಅಂಗಗಳಿಗೆ ಬಲ ಕೊಡುತ್ತದೆ, ಹೆದರಿದ ಮನಸ್ಸನ್ನು ನಿಲ್ಲಿಸುತ್ತದೆ, ಕಣ್ಣು ಚುರುಕಾಗುತ್ತದೆ, ಬಹುಕಾಲ ತಗೊಂಡರೆ ಮೈ ಹಗುರಾಗಿ ಆಯಸ್ಸು ಹೆಚ್ಚುತ್ತದೆ ಅಂತೆಲ್ಲ ಹೊಗಳಿಕೆ. ಈ ಒಂದು ಪ್ಯಾರಾ ಓದಿದರೆ ಇವತ್ತಿನ ಜಾಹೀರಾತಿಗೂ ಅದಕ್ಕೂ ವ್ಯತ್ಯಾಸವೇ ಕಾಣುವುದಿಲ್ಲ, ಒಪ್ಪುತ್ತೇನೆ.

ಆದರೆ ವೈದ್ಯರು ಬಳಸಿದ ರೀತಿ ನೋಡಿ. ಜೀರ್ಣಶಕ್ತಿ ಕುಂದಿ, ಮುಖ ಬಿಳಿಚಿ, ದನಿ ಸಣ್ಣಗಾದವನಿಗೆ ‘ನಾಲ್ವರು ಸಜ್ಜನರು’ ಅನ್ನುವ ಕಷಾಯ. ಅದರಲ್ಲಿ ಜಿನ್ಸೆಂಗ್ ಜೊತೆ ಬೈಜೂ, ಫುಲಿಂಗ್ ಅನ್ನುವ ಎರಡು ಚೀನೀ ಮದ್ದು ಮತ್ತು ಜೇಷ್ಠಮಧು. ಇನ್ನೊಂದು ತುದಿಯಲ್ಲಿ ‘ಒಂಟಿ ಜಿನ್ಸೆಂಗ್ ಕಷಾಯ’. ತುಂಬಾ ರಕ್ತ ಹೋಗಿ ಪ್ರಾಣ ಬಾಗಿಲಲ್ಲಿ ನಿಂತವನಿಗೆ ದಪ್ಪ ಬೇರೊಂದನ್ನೇ ಕುದಿಸಿ ಕುಡಿಸುವುದು. ಎರಡೂ ಕೊರತೆ ಇದ್ದವರಿಗೆ. ಜ್ವರ ಒಳಗೆ ಕುದಿಯುತ್ತಿರುವಾಗ, ಕಾಯಿಲೆ ಇನ್ನೂ ಗಟ್ಟಿಯಾಗಿ ಕೂತಿರುವಾಗ ಇದನ್ನು ಕೊಟ್ಟರೆ ಕಳ್ಳ ಮನೆಯೊಳಗೇ ಇರುವಾಗ ಬಾಗಿಲಿಗೆ ಬೀಗ ಹಾಕಿದ ಹಾಗೆ ಅನ್ನುವುದು ಅವರ ವಾದ.

ಈಗ ನನಗೆ ತುಂಬಾ ಇಷ್ಟವಾದ ಸಂಗತಿ. ಸೋಂಗ್ ರಾಜವಂಶದ ಕಾಲದ ಸೂ ಸೋಂಗ್ ಅನ್ನುವವರು 1061ರಲ್ಲಿ ಚಿತ್ರಗಳಿರುವ ಒಂದು ಔಷಧ ಗ್ರಂಥ ಮಾಡಿದರು. ಅದರಲ್ಲಿ ಜಿನ್ಸೆಂಗ್ ಅಸಲಿಯೋ ನಕಲಿಯೋ ಪತ್ತೆ ಮಾಡುವ ಉಪಾಯ ಇದೆ. ಇಬ್ಬರನ್ನು ಕರೆಯಿರಿ. ಒಬ್ಬನ ಬಾಯಲ್ಲಿ ಬೇರು ಇಡಿ, ಇನ್ನೊಬ್ಬನ ಬಾಯಿ ಖಾಲಿ ಇರಲಿ. ಇಬ್ಬರನ್ನೂ ಮೂರರಿಂದ ಐದು ಲಿ, ಅಂದರೆ ಒಂದೂವರೆಯಿಂದ ಎರಡೂವರೆ ಕಿಲೋಮೀಟರ್ ಓಡಿಸಿ. ಖಾಲಿ ಬಾಯಿಯವನು ಏದುಸಿರು ಬಿಡುತ್ತಾನೆ. ಬೇರು ಇಟ್ಟುಕೊಂಡವನ ಉಸಿರು ಸರಾಗವಾಗಿದ್ದರೆ ಬೇರು ಅಸಲಿ. ಒಬ್ಬನಿಗೆ ಮದ್ದು, ಹೋಲಿಸಲು ಮದ್ದಿಲ್ಲದ ಇನ್ನೊಬ್ಬ. ಸಾವಿರ ವರ್ಷದ ಹಿಂದೆ! ಇಬ್ಬರಲ್ಲಿ ಒಬ್ಬ ಮೊದಲೇ ಒಳ್ಳೆಯ ಓಟಗಾರ ಆಗಿದ್ದರೆ ಏನು ಗತಿ ಅಂತ ಅವರು ಯೋಚಿಸಿರಲಿಲ್ಲ, ಅದು ಬೇರೆ ಮಾತು. ಈ ಓಟ ನೆನಪಿಟ್ಟುಕೊಳ್ಳಿ, ಇನ್ನೊಮ್ಮೆ ಬರುತ್ತದೆ.

ನಕಲಿಯ ಹೆದರಿಕೆ ಯಾಕೆ ಅಂದರೆ ಅಸಲಿ ಅಷ್ಟು ಅಪರೂಪ. ಈ ಗಿಡ ಬಹಳ ಸೋಮಾರಿ. ಬೀಜ ಮೊಳೆಯಲು ಸುಮಾರು ಹದಿನೆಂಟು ತಿಂಗಳು. ಬಿಸಿಲು ಆಗುವುದಿಲ್ಲ, ದಟ್ಟ ನೆರಳು ಬೇಕು. ಒಮ್ಮೆ ಬೆಳೆದ ನೆಲದಲ್ಲಿ ಮತ್ತೆ ವರ್ಷಗಟ್ಟಲೆ ಸರಿಯಾಗಿ ಬರುವುದಿಲ್ಲ. ಹಳೆಯ ಕಾಲದಲ್ಲಿ ಹೆಸರಾಗಿದ್ದ ಬೇರು ಶಾನ್ಶಿ ಪ್ರಾಂತದ ಶಾಂಗ್‌ಡಾಂಗ್ ಎಂಬಲ್ಲಿಯದು. ಕಾಡು ಕಡಿದು, ಬೇರು ಅಗೆದು ಅಲ್ಲಿ ಮುಗಿದೇ ಹೋಯಿತು. ಈಗ ಆ ಊರಿನ ಹೆಸರು ಉಳಿದಿರುವುದು ಡಾಂಗ್‌ಶೆನ್ ಅನ್ನುವ ಬೇರೆ ಗಿಡದಲ್ಲಿ. ಅದು ಅಗ್ಗ. ದಿನದ ಕಷಾಯಗಳಲ್ಲಿ ಜಿನ್ಸೆಂಗ್ ಬದಲು ವೈದ್ಯರು ಹಾಕುವುದು ಹೆಚ್ಚಾಗಿ ಅದನ್ನೇ.

ಅಸಲಿ ಉಳಿದದ್ದು ಈಶಾನ್ಯದಲ್ಲಿ, ಕೊರಿಯಾದ ಗಡಿಯ ಚಾಂಗ್‌ಬಾಯ್ ಬೆಟ್ಟಗಳಲ್ಲಿ. ಅಲ್ಲಿ ಬೇರು ಹುಡುಕಲು ಹೋಗುವುದಕ್ಕೆ ‘ಬೆಟ್ಟಕ್ಕೆ ಬಿಡುವುದು’ ಅನ್ನುತ್ತಾರೆ. ನಾಲ್ಕಾರು ಜನರ ತಂಡ, ಅದಕ್ಕೊಬ್ಬ ಮುಖಂಡ. ಕೋಲು ಹಿಡಿದು ಸಾಲಾಗಿ ಪೊದೆ ಸರಿಸುತ್ತಾ ಹೋಗುತ್ತಾರೆ. ಮಾತಿಲ್ಲ. ಒಬ್ಬನ ಕಣ್ಣಿಗೆ ಕೆಂಪು ಹಣ್ಣಿನ ಗೊಂಚಲು ಬಿದ್ದರೆ ಜೋರಾಗಿ ‘ಬಾಂಗ್‌ಚುಯ್!’ ಅಂತ ಕೂಗಬೇಕು. ಬಟ್ಟೆ ಒಗೆಯುವ ಕೊರಡು ಅಂತ ಅರ್ಥ. ಬೇರಿನ ಆಕಾರಕ್ಕೆ ಆ ಅಡ್ಡಹೆಸರು. ‘ಎಂಥ ಮಾಲು?’ ಅಂತ ಮುಖಂಡ ಕೇಳುತ್ತಾನೆ. ‘ಐದೆಲೆ!’ ಅಂತ ಉತ್ತರ. ಒಂದೊಂದು ಎಲೆಯಲ್ಲಿ ಅಂಗೈಯ ಬೆರಳಿನ ಹಾಗೆ ಐದು ಎಸಳು. ಅಂಥ ಐದು ಎಲೆ ಇದ್ದರೆ ಗಿಡಕ್ಕೆ ಒಳ್ಳೆಯ ವಯಸ್ಸಾಗಿದೆ ಅಂತ.

ಆಮೇಲೆ ಮೊದಲ ಕೆಲಸ, ಕಾಂಡಕ್ಕೆ ಕೆಂಪು ದಾರ ಕಟ್ಟುವುದು. ದಾರದ ತುದಿಗೆ ತಾಮ್ರದ ಕಾಸು. ಕಟ್ಟದಿದ್ದರೆ ಬೇರು ಓಡಿಹೋಗುತ್ತದೆ ಅನ್ನುವ ನಂಬಿಕೆ. ಮನುಷ್ಯನ ಆಕಾರ ಇದ್ದ ಮೇಲೆ ಕಾಲೂ ಇದೆಯಲ್ಲ! ಅಗೆಯಲು ಕಬ್ಬಿಣ ಮುಟ್ಟುವುದಿಲ್ಲ. ಜಿಂಕೆಯ ಮೂಳೆಯ ಕಡ್ಡಿಯಿಂದ ಮಣ್ಣನ್ನು ಚೂರು ಚೂರೇ ಕೆದಕುತ್ತಾರೆ. ಕೂದಲಿನಂಥ ಒಂದು ಬೇರು ಹರಿದರೂ ಬೆಲೆ ಬೀಳುತ್ತದೆ. ಒಂದು ಬೇರಿಗೆ ಇಡೀ ದಿನ ಹೋದರೂ ಹೋಯಿತು. ತೆಗೆದ ಮೇಲೆ ಹಸಿ ಪಾಚಿ, ಸ್ವಲ್ಪ ಅದೇ ಮಣ್ಣು, ಮೇಲೆ ಬರ್ಚ್ ಮರದ ತೊಗಟೆ ಸುತ್ತಿ ಕಟ್ಟುತ್ತಾರೆ. ಬಾಣಂತಿ ಮನೆಯಲ್ಲಿ ಮಗುವನ್ನು ಸುತ್ತಿದ ಹಾಗೆ. ಬೀಜವನ್ನು ಅಲ್ಲೇ ಮಣ್ಣಿಗೆ ಹಾಕಿ ಹೊರಡುತ್ತಾರೆ. ಇವತ್ತು ಮಾರುಕಟ್ಟೆಯಲ್ಲಿ ಸಿಗುವುದು ಹೆಚ್ಚುಕಮ್ಮಿ ಎಲ್ಲ ತೋಟದ ಬೆಳೆಯೇ. ಜಿಲಿನ್ ಪ್ರಾಂತದ ಫುಸೊಂಗ್ ಕಡೆ ಎಕರೆಗಟ್ಟಲೆ ನೆರಳಿನ ಚಪ್ಪರಗಳಿವೆ. ಆದರೆ ಕಾಡಿನ ಬೇರಿನ ಬೆಲೆ ಚಿನ್ನದ ಅಂಗಡಿಯ ಬೆಲೆ.

ಈ ಬೆಟ್ಟಗಳ ಕಡೆಯಿಂದಲೇ ಬಂದವರು ಚೀನಾವನ್ನು ಆಳಿದ ಮಂಚು ದೊರೆಗಳು. ಜಿನ್ಸೆಂಗ್ ಅವರಿಗೆ ಖಜಾನೆ. ಅಗೆಯುವುದು, ಮಾರುವುದು ಎಲ್ಲ ಅರಮನೆಯ ಹಿಡಿತದಲ್ಲಿ. 1709ರಲ್ಲಿ ಚಕ್ರವರ್ತಿ ಕಾಂಗ್‌ಶಿ ಹತ್ತು ಸಾವಿರ ಜನರನ್ನು ಬೇರು ಹುಡುಕಲು ಕಳಿಸಿದ. ಅದೇ ವರ್ಷ ಅದೇ ಕಾಡಿನಲ್ಲಿ ಇನ್ನೊಬ್ಬ ಓಡಾಡುತ್ತಿದ್ದ. ಪಿಯೆರ್ ಜಾರ್ತೂ, ಫ್ರಾನ್ಸಿನ ಜೆಸ್ವಿಟ್ ಪಾದ್ರಿ. ಚಕ್ರವರ್ತಿಗಾಗಿ ನಕ್ಷೆ ಮಾಡುವ ಕೆಲಸ. ಜುಲೈ ಕೊನೆಯಲ್ಲಿ ಕೊರಿಯಾ ಗಡಿಯ ಹತ್ತಿರದ ಹಳ್ಳಿಯೊಂದರಲ್ಲಿ ಬುಟ್ಟಿಯಲ್ಲಿ ನಾಲ್ಕು ಗಿಡ ತಂದು ತೋರಿಸಿದರು. ಆತ ಒಂದನ್ನು ಇದ್ದಷ್ಟೇ ಗಾತ್ರಕ್ಕೆ ಚಿತ್ರ ಬರೆದುಕೊಂಡ. ಆಮೇಲೆ ತನ್ನ ನಾಡಿ ನೋಡಿಕೊಂಡ. ಅರ್ಧ ಬೇರು ಹಸಿಯಾಗಿ ತಿಂದ. ಒಂದು ಗಂಟೆ ಬಿಟ್ಟು ಮತ್ತೆ ನಾಡಿ ನೋಡಿದ. ತುಂಬಿಕೊಂಡಿದೆ ಅನಿಸಿತು, ಹಸಿವೂ ಆಯಿತು. ಒಂದೇ ಸಲ ನಂಬಲಿಲ್ಲ. ನಾಲ್ಕು ದಿನ ಬಿಟ್ಟು, ಕುದುರೆ ಮೇಲೆ ಕೂರಲಾಗದಷ್ಟು ದಣಿದಾಗ ಮತ್ತೆ ಅರ್ಧ ತಿಂದ. ಗಂಟೆಯಲ್ಲಿ ದಣಿವು ಮಾಯ. 1711ರ ಏಪ್ರಿಲ್‌ನಲ್ಲಿ ಇದನ್ನೆಲ್ಲ ಪತ್ರದಲ್ಲಿ ಬರೆದು, ಇಂಥ ಬೆಟ್ಟ ಕಾಡು ಇರುವ ಕೆನಡಾದಲ್ಲೂ ಈ ಗಿಡ ಇರಬಹುದು ಅಂತ ಒಂದು ಮಾತು ಸೇರಿಸಿದ. ನೋಡಿ, ಎರಡನೇ ಸಲ ಆತ ತಿಂದಿದ್ದು ದಣಿದಾಗ. ಮದ್ದು ಕಂಡದ್ದು ದಣಿದವನಿಗೆ.

ಮರುವರ್ಷದ ಕಥೆ ಕೇಳಿ. ನಾನ್‌ಜಿಂಗ್‌ನಲ್ಲಿ ಅರಮನೆಯ ರೇಷ್ಮೆ ಕಾರ್ಖಾನೆ ನೋಡಿಕೊಳ್ಳುತ್ತಿದ್ದ ದೊಡ್ಡ ಅಧಿಕಾರಿ ತ್ಸಾವ್ ಯಿನ್, ಕಾಂಗ್‌ಶಿಗೆ ಬಹಳ ಬೇಕಾದವನು. 1712ರ ಬೇಸಿಗೆಯಲ್ಲಿ ಯಾಂಗ್‌ಝೌ ಊರಲ್ಲಿದ್ದಾಗ ಕಾಯಿಲೆ ಬಿತ್ತು. ಮೊದಲು ನೆಗಡಿ, ಆಮೇಲೆ ಮಲೇರಿಯಾ. ಆತನ ಭಾವಮೈದುನ ಚಕ್ರವರ್ತಿಗೆ ಬರೆದು, ನಿಮ್ಮ ಬಳಿ ಇರುವ ಆ ಮದ್ದು ಕಳಿಸಿ ಅಂತ ಬೇಡಿಕೊಂಡ. ಆ ಮದ್ದು ಸಿಂಕೋನಾ ತೊಗಟೆ, ಕ್ವಿನೈನ್ ಇರುವಂಥದ್ದು. 1693ರಲ್ಲಿ ಕಾಂಗ್‌ಶಿಗೇ ಮಲೇರಿಯಾ ಬಂದಾಗ ಜೆಸ್ವಿಟ್ ಪಾದ್ರಿಗಳು ಕೊಟ್ಟು ಗುಣ ಮಾಡಿದ್ದರು. ತೊಗಟೆಯನ್ನು ಅರಮನೆಗೆ ತಂದವರೂ ಅವರೇ, ಬೇರಿನ ಸುದ್ದಿಯನ್ನು ಹೊರಗೆ ಒಯ್ದವರೂ ಅವರೇ.

ಕಾಂಗ್‌ಶಿ ಅದೇ ಪತ್ರದ ಮೇಲೆ ಕೆಂಪು ಮಸಿಯಲ್ಲಿ ಉತ್ತರ ಬರೆದ. ದಕ್ಷಿಣದ ಅರೆಬರೆ ವೈದ್ಯರು ಯಾವಾಗಲೂ ಬಲವರ್ಧಕ ಕೊಟ್ಟು ಜನರನ್ನು ಕೆಡಿಸುತ್ತಾರೆ, ಹುಷಾರಾಗಿರಬೇಕು. ತ್ಸಾವ್ ಯಿನ್‌ಗೆ ಮೊದಲಿಂದಲೂ ಜಿನ್ಸೆಂಗ್ ತಿನ್ನುವ ಚಟ, ಈ ಕಾಯಿಲೆಯೂ ಜಿನ್ಸೆಂಗ್‌ನಿಂದಲೇ ಬಂದದ್ದು. ತೊಗಟೆ ಕಳಿಸುತ್ತಿದ್ದೇನೆ, ಆದರೆ ಇದು ಮಲೇರಿಯಾ ಅಂತ ಖಚಿತವಾದರೆ ಮಾತ್ರ ಕೊಡಿ, ಇಲ್ಲದಿದ್ದರೆ ಖಂಡಿತ ಬೇಡ. ಇದು ಆ ಬರಹದ ಸಾರ. ಒಂಬತ್ತು ದಿನದಲ್ಲಿ ಯಾಂಗ್‌ಝೌ ಮುಟ್ಟಬೇಕು ಅಂತ ಹಗಲು ರಾತ್ರಿ ಕುದುರೆ ಓಡಿಸಿದರು. ಮದ್ದು ಮುಟ್ಟುವ ಮೊದಲೇ ತ್ಸಾವ್ ಯಿನ್ ತೀರಿಕೊಂಡ. ಮಲೇರಿಯಾ ಜಿನ್ಸೆಂಗ್‌ನಿಂದ ಬರುವುದಿಲ್ಲ ಅಂತ ನಮಗೆ ಗೊತ್ತು, ಅಲ್ಲಿ ಚಕ್ರವರ್ತಿ ತಪ್ಪಿದ. ಆದರೆ ಜಿನ್ಸೆಂಗ್‌ನ ಒಡೆಯನೇ, ಅದರಿಂದ ಖಜಾನೆ ತುಂಬಿಸಿಕೊಂಡವನೇ, ಕಂಡಕಂಡವರು ಅದನ್ನು ತಿನ್ನುವುದನ್ನು ಬೈದಿದ್ದಾನೆ.

ಈ ತ್ಸಾವ್ ಯಿನ್‌ನ ಮೊಮ್ಮಗ ತ್ಸಾವ್ ಶ್ವೆಚಿನ್, ಚೀನಾದ ಅತಿ ದೊಡ್ಡ ಕಾದಂಬರಿ ಅನಿಸಿಕೊಂಡ ‘ಕೆಂಪು ಮಹಲಿನ ಕನಸು’ ಬರೆದವನು. ಅದರ 77ನೇ ಅಧ್ಯಾಯದಲ್ಲಿ ಆ ಸಿರಿವಂತ ಮನೆಯಲ್ಲಿ ಮದ್ದಿಗೆ ಒಂದಿಷ್ಟು ಜಿನ್ಸೆಂಗ್ ಬೇಕಾಗುತ್ತದೆ. ಪೆಟ್ಟಿಗೆಯೆಲ್ಲ ತಡಕಿದರೂ ಪುಡಿ ಬೇರು ಬಿಟ್ಟರೆ ಇಲ್ಲ. ಹಿರಿಯಜ್ಜಿಯ ಬಳಿ ದಪ್ಪ ಬೇರುಗಳು ಸಿಗುತ್ತವೆ. ವೈದ್ಯ ನೋಡಿ, ಬೇರು ಒಳ್ಳೆಯದೇ ಆದರೆ ತೀರಾ ಹಳೆಯದು, ಸತ್ವ ಹೋಗಿದೆ ಅನ್ನುತ್ತಾನೆ. ಮನೆ ಒಳಗಿಂದ ಟೊಳ್ಳಾಗಿದೆ ಅಂತ ಹೇಳುವುದಕ್ಕೆ ಆತನಿಗೆ ಒಂದು ಬೇರು ಸಾಕಾಯಿತು.

ಜಾರ್ತೂ ಹೇಳಿದ ಕೆನಡಾ ಮಾತು ನಿಜವಾಯಿತು. ಅಲ್ಲಿದ್ದ ಲಾಫಿತೋ ಅನ್ನುವ ಪಾದ್ರಿ ಆ ಪತ್ರ ಓದಿ, 1716ರಲ್ಲಿ ಮಾಂಟ್ರಿಯಲ್ ಹತ್ತಿರ ಗಿಡ ಕಂಡುಹಿಡಿದ. ಅಲ್ಲಿನ ಮೂಲನಿವಾಸಿ ಮೊಹಾಕ್ ಜನಕ್ಕೆ ಅದು ಮೊದಲೇ ಗೊತ್ತಿತ್ತು. ಅವರ ಹೆಸರಿನಲ್ಲೂ ಮನುಷ್ಯನ ತೊಡೆಯ ಹೋಲಿಕೆ ಇದೆ ಅಂತ ಆತ ಬರೆದಿದ್ದಾನೆ. ಆಮೇಲೆ ಬೇರಿಗಾಗಿ ನೂಕುನುಗ್ಗಲು. ದುರಾಸೆಯಲ್ಲಿ ಬಲಿಯುವ ಮೊದಲೇ ಅಗೆದು, ಒಲೆಯಲ್ಲಿ ಗಡಿಬಿಡಿಯಿಂದ ಒಣಗಿಸಿ ಕಳಿಸಿದರು. ಚೀನೀಯರು ಮೂಸಿಯೂ ನೋಡಲಿಲ್ಲ, ವ್ಯಾಪಾರ ಕುಸಿಯಿತು. ಜೋರಾಗಿ ಬಿದ್ದದ್ದಕ್ಕೆ ‘ಜಿನ್ಸೆಂಗ್ ಬಿದ್ದ ಹಾಗೆ’ ಅನ್ನುವ ಗಾದೆ ಫ್ರೆಂಚ್ ಕೆನಡಾದಲ್ಲಿ ಹುಟ್ಟಿಕೊಂಡಿತು. ಅಮೆರಿಕ ಸ್ವತಂತ್ರವಾದ ಮೇಲೆ 1784ರಲ್ಲಿ ಚೀನಾಕ್ಕೆ ಹೊರಟ ಮೊದಲ ಹಡಗು ‘ಎಂಪ್ರೆಸ್ ಆಫ್ ಚೈನಾ’ದ ಮುಖ್ಯ ಸರಕೂ ಈ ಬೇರೇ.

ಇಷ್ಟು ಬೇಡಿಕೆ ಬಂದಾಗ ಚೀನಾದ ಒಳಗಿನ ವೈದ್ಯರೇ ಏನಂದರು? ಶೂ ಡಾಚುನ್ ಅನ್ನುವ ವೈದ್ಯರು 1757ರಲ್ಲಿ ಜಿನ್ಸೆಂಗ್ ಬಗ್ಗೆಯೇ ಒಂದು ಖಾರವಾದ ಪ್ರಬಂಧ ಬರೆದಿದ್ದಾರೆ. ಮೊದಲು ಮನೆ ಹಾಳುಮಾಡಿ ಆಮೇಲೆ ಮನುಷ್ಯನನ್ನು ಕೊಲ್ಲುವುದು ಜಿನ್ಸೆಂಗ್ ಅನ್ನುತ್ತಾರೆ. ಜನಕ್ಕೆ ದುಬಾರಿ ಅಂದರೆ ಒಳ್ಳೆಯದು ಅಂತ. ವೈದ್ಯನಿಗೆ ಅದನ್ನು ಬರೆದರೆ ಹೆಸರು. ರೋಗಿ ಸತ್ತರೂ ‘ಜಿನ್ಸೆಂಗ್ ಕೂಡ ಕೊಟ್ಟೆವಪ್ಪಾ’ ಅಂತ ಮನೆಯವರಿಗೆ ಸಮಾಧಾನ. ಇದೇ ಮಾತು ಗಾದೆಯಾಗಿಯೂ ಇದೆ: ಜಿನ್ಸೆಂಗ್ ಕೊಂದರೆ ತಪ್ಪಿಲ್ಲ, ರೇವಲಚಿನ್ನಿ ಬದುಕಿಸಿದರೆ ಹೊಗಳಿಕೆಯಿಲ್ಲ. ರೇವಲಚಿನ್ನಿ ಭೇದಿ ಮಾಡಿಸಲು ಕೊಡುವ ಅಗ್ಗದ ಬೇರು. ಇವತ್ತು ಆಸ್ಪತ್ರೆಯ ಬಿಲ್ಲು ನೋಡುವಾಗಲೂ ನನಗೆ ಈ ಗಾದೆ ನೆನಪಾಗುತ್ತದೆ.

ಈಗ ಇನ್ನೊಂದು ಓಟ. 1948, ಸೋವಿಯತ್ ದೇಶದ ದೂರಪೂರ್ವ. ಇಸ್ರೇಲ್ ಬ್ರೆಖ್ಮನ್ ಅನ್ನುವ ವಿಜ್ಞಾನಿ ಸೈನಿಕರಿಗೆ ಜಿನ್ಸೆಂಗ್ ಸಾರ ಕೊಟ್ಟು 3 ಕಿಲೋಮೀಟರ್ ಓಡಿಸಿದರು. ಹೋಲಿಸಲು ಸಾರ ಕೊಡದ ಇನ್ನೊಂದು ಗುಂಪು. ಸೂ ಸೋಂಗ್ ಮಾಡಿಸಿದ ಓಟದ ಮರುಪ್ರದರ್ಶನ ಅನ್ನಿ! ಒಂದು ವ್ಯತ್ಯಾಸ ಇದೆ. ಹಳೆಯ ಓಟದಲ್ಲಿ ಪರೀಕ್ಷೆ ಬೇರಿಗೆ, ಇದು ಅಸಲಿಯಾ ಅಂತ. ಹೊಸ ಓಟದಲ್ಲಿ ಪರೀಕ್ಷೆ ಮನುಷ್ಯನಿಗೆ, ಇವನನ್ನು ಇನ್ನಷ್ಟು ಓಡಿಸಬಹುದಾ ಅಂತ. ಕಾಯಿಲೆಯವನು ಹೋಗಿ ಗಟ್ಟಿಮುಟ್ಟಾದ ಸೈನಿಕ ಬಂದ. ನನ್ನ ಮಟ್ಟಿಗೆ ಕಥೆ ತಿರುಗಿದ್ದು ಇಲ್ಲಿ.

ಅದಕ್ಕೆ ಒಂದು ವರ್ಷ ಮೊದಲು, 1947ರಲ್ಲಿ, ನಿಕೊಲಾಯ್ ಲಾಜರೆವ್ ಅನ್ನುವ ವಿಷವಿಜ್ಞಾನಿ ಅಡಾಪ್ಟೋಜೆನ್ ಅನ್ನುವ ಪದ ಹುಟ್ಟಿಸಿದ್ದರು. ತಮಾಷೆ ಅಂದರೆ ಆತನ ತಲೆಯಲ್ಲಿ ಇದ್ದದ್ದು ಬೇರಲ್ಲ, ಡಿಬಾಜೋಲ್ ಅನ್ನುವ ಕಾರ್ಖಾನೆಯ ಮದ್ದು. ಆಮೇಲೆ ಬ್ರೆಖ್ಮನ್ ಆ ಪದವನ್ನು ಗಿಡಗಳಿಗೆ ತಂದರು. 1969ರಲ್ಲಿ ದಾರ್ದಿಮೊವ್ ಜೊತೆ ಬರೆದ ಲೇಖನದಲ್ಲಿ ಮೂರು ಲಕ್ಷಣ ಹೇಳಿದರು. ವಿಷವಾಗಬಾರದು, ಯಾವುದೋ ಒಂದಕ್ಕಲ್ಲದೆ ಹಲವು ಬಗೆಯ ಒತ್ತಡಗಳಿಗೆ ದೇಹವನ್ನು ಗಟ್ಟಿ ಮಾಡಬೇಕು, ಏರಿದ್ದನ್ನು ಇಳಿಸಿ ಇಳಿದದ್ದನ್ನು ಏರಿಸಿ ಸಮಕ್ಕೆ ತರಬೇಕು. ಓದಲು ಚೆಂದ. ಆದರೆ ಎರಡೂ ದಿಕ್ಕಿಗೆ ಕೆಲಸ ಮಾಡುತ್ತದೆ ಅನ್ನುವ ಮದ್ದನ್ನು ಸುಳ್ಳು ಅಂತ ತೋರಿಸುವುದು ಹೇಗೆ? ಬಿಪಿ ಏರಿದರೂ ಸರಿ, ಇಳಿದರೂ ಸರಿ! ಯುರೋಪಿನ ಔಷಧ ಸಂಸ್ಥೆ 2008ರಲ್ಲಿ ಈ ಪದವನ್ನು ಪರಿಶೀಲಿಸಿ, ಔಷಧ ಶಾಸ್ತ್ರದಲ್ಲಿ ಇದು ಒಪ್ಪಿತವಾದ ಪದವಲ್ಲ ಅಂತ ಹೇಳಿತು. ಬಾಟಲಿಗಳಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಜಿನ್ಸೆಂಗ್ ದುಬಾರಿ ಅಂತ ಬ್ರೆಖ್ಮನ್ ಅದೇ ಕಾಡಿನ ಇನ್ನೊಂದು ಮುಳ್ಳುಗಿಡ ಹಿಡಿದರು, ಎಲ್ಯುಥೆರೊ. ಅದನ್ನು ‘ಸೈಬೀರಿಯಾದ ಜಿನ್ಸೆಂಗ್’ ಅಂತ ಮಾರಿದರು. ಕುಟುಂಬ ಒಂದೇ, ಕುಲ ಬೇರೆ, ಒಳಗಿನ ಸಾರವೂ ಬೇರೆ. 2002ರಲ್ಲಿ ಅಮೆರಿಕ ಅದನ್ನು ಜಿನ್ಸೆಂಗ್ ಅಂತ ಕರೆಯಬಾರದು ಅಂತ ಕಾನೂನೇ ಮಾಡಬೇಕಾಯಿತು.

ಹಾಗಾದರೆ ಬೇರಿನಲ್ಲಿ ಏನೂ ಇಲ್ಲವಾ? ಇದೆ. ಜಿನ್ಸೆನೊಸೈಡ್ ಅನ್ನುವ ವಸ್ತುಗಳು, ಈವರೆಗೆ ನೂರಕ್ಕೂ ಹೆಚ್ಚು ಗುರುತಿಸಿದ್ದಾರೆ. ಜಪಾನಿನ ಶೋಜಿ ಶಿಬಾತಾ 1960ರ ದಶಕದಲ್ಲಿ ಇವುಗಳ ರಚನೆ ಬಿಡಿಸಿದರು. ಇವೆಲ್ಲ ಒಂದೇ ಕೆಲಸ ಮಾಡುವುದಿಲ್ಲ. ಆರ್‌ಜಿ1 ಅನ್ನುವುದು ಹೊಸ ರಕ್ತನಾಳ ಚಿಗುರಲು ಕುಮ್ಮಕ್ಕು ಕೊಡುತ್ತದೆ, ಆರ್‌ಬಿ1 ಅದನ್ನೇ ತಡೆಯುತ್ತದೆ ಅಂತ 2004ರ ಪ್ರಯೋಗವೊಂದು ತೋರಿಸಿತು. ಒಂದೇ ಬೇರಿನಲ್ಲಿ ಎಕ್ಸಲರೇಟರೂ ಬ್ರೇಕೂ. ತಂಪು ಅನ್ನುವ ಅಮೆರಿಕದ ಬೇರಿನಲ್ಲಿ ಆರ್‌ಬಿ1ರ ಪಾಲು ಜಾಸ್ತಿ. ಹಬೆಯಲ್ಲಿ ಬೇಯಿಸಿದಾಗ ಹಸಿ ಬೇರಿನಲ್ಲಿ ಹೆಚ್ಚುಕಮ್ಮಿ ಇಲ್ಲದ ಆರ್‌ಜಿ3ಯಂಥವು ಹುಟ್ಟುತ್ತವೆ. ಉಷ್ಣ ತಂಪಿನ ಲೆಕ್ಕ ಇದರಿಂದ ಸಾಬೀತಾಯಿತು ಅನ್ನುವುದಿಲ್ಲ. ಆದರೆ ಬೇಯಿಸಿದ್ದು ಬೇರೆ, ಒಣಗಿಸಿದ್ದು ಬೇರೆ ಅಂದ ಹಳಬರು ಸುಮ್ನೆ ಹೇಳಿರಲಿಲ್ಲ. ಇನ್ನೊಂದು ಇದೆ. ಇವು ರಕ್ತ ಸೇರುವ ಮೊದಲು ನಮ್ಮ ಕರುಳಿನ ಬ್ಯಾಕ್ಟೀರಿಯಾ ಇವುಗಳನ್ನು ಒಡೆಯಬೇಕು. ಒಬ್ಬೊಬ್ಬರ ಹೊಟ್ಟೆಯಲ್ಲಿ ಆ ಕೆಲಸ ಒಂದೊಂದು ಥರ. ಮತ್ತೆ ಅಜ್ಜನ ಪ್ರಶ್ನೆಯೇ: ಯಾರಿಗೆ?

ಮನುಷ್ಯರ ಮೇಲಿನ ಪರೀಕ್ಷೆಗಳಲ್ಲಿ ನನಗೆ ಗಟ್ಟಿ ಅನಿಸಿದ್ದು 2013ರದ್ದು. ಅಮೆರಿಕದಲ್ಲಿ ಕ್ಯಾನ್ಸರ್‌ನಿಂದ ದಣಿದ 364 ಜನರಿಗೆ ದಿನಕ್ಕೆ 2000 ಮಿಲಿಗ್ರಾಂ ಅಮೆರಿಕದ ಜಿನ್ಸೆಂಗ್ (ವಿಸ್ಕಾನ್ಸಿನ್ ರಾಜ್ಯದ್ದು) ಬೇರಿನ ಪುಡಿ ಅಥವಾ ಅದರಂತೆ ಕಾಣುವ ಖಾಲಿ ಮಾತ್ರೆ ಕೊಟ್ಟರು. ನಾಲ್ಕು ವಾರಕ್ಕೆ ದೊಡ್ಡ ವ್ಯತ್ಯಾಸ ಇಲ್ಲ. ಎಂಟನೇ ವಾರಕ್ಕೆ ಬೇರು ತಗೊಂಡವರ ದಣಿವು ಹೆಚ್ಚು ತಗ್ಗಿತ್ತು. ಅದರಲ್ಲೂ ಚಿಕಿತ್ಸೆ ನಡೆಯುತ್ತಿದ್ದವರಿಗೆ ಹೆಚ್ಚು ಲಾಭ. ನಿಜವಾಗಿ ಬಳಲಿದವರು ಅವರು. ಅದೇ ಆರೋಗ್ಯವಂತರ ನೆನಪಿನ ಶಕ್ತಿಗೆ ಒಳ್ಳೆಯದಾ ಅಂತ, ವೈದ್ಯಕೀಯ ಪರೀಕ್ಷೆಗಳನ್ನು ಒಟ್ಟು ಸೇರಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯವರು 2010ರಲ್ಲಿ ಇದ್ದ ಪರೀಕ್ಷೆಗಳನ್ನೆಲ್ಲ ಜಾಲಾಡಿದಾಗ ನಂಬುವಂಥ ಪುರಾವೆ ಸಿಗಲಿಲ್ಲ.

ಇಲ್ಲಿರುವ ಹಿರಿಯರು ಇದೊಂದನ್ನು ದಯವಿಟ್ಟು ಗಮನವಿಟ್ಟು ಕೇಳಿ. ರಕ್ತ ಹೆಪ್ಪುಗಟ್ಟದಿರಲಿ ಅಂತ ವಾರ್ಫರಿನ್ ತಗೊಳ್ಳುವವರು ಈ ಬೇರಿನ ಹತ್ತಿರ ಹೋಗಬೇಡಿ. 2004ರಲ್ಲಿ 20 ಆರೋಗ್ಯವಂತರ ಮೇಲೆ ನೋಡಿದಾಗ ಅಮೆರಿಕದ ಜಿನ್ಸೆಂಗ್ ವಾರ್ಫರಿನ್‌ನ ಶಕ್ತಿಯನ್ನೇ ಕುಗ್ಗಿಸಿತ್ತು. ಸಕ್ಕರೆ ಕಾಯಿಲೆ, ಬಿಪಿ ಮಾತ್ರೆ ನಡೆಯುತ್ತಿದ್ದರೆ ಡಾಕ್ಟರಿಗೆ ಹೇಳದೆ ಶುರು ಮಾಡಬೇಡಿ. ‘ಗಿಡಮೂಲಿಕೆ ಅಲ್ವಾ, ಏನಾಗುತ್ತೆ’ ಅನ್ನುವ ಮಾತು ನಮ್ಮಲ್ಲಿ ಜಾಸ್ತಿ. ಚೀನಾ 2012ರಲ್ಲಿ ತೋಟದ ಜಿನ್ಸೆಂಗನ್ನು ಆಹಾರದಲ್ಲಿ ಬಳಸಲು ಒಪ್ಪಿಗೆ ಕೊಟ್ಟಾಗಲೂ ದಿನಕ್ಕೆ 3 ಗ್ರಾಂ ಮಿತಿ ಹಾಕಿತು. ಗರ್ಭಿಣಿಯರು, ಹಾಲೂಡಿಸುವವರು, 14 ವರ್ಷದೊಳಗಿನ ಮಕ್ಕಳಿಗೆ ಬೇಡ ಅಂತಲೂ ಹೇಳಿತು.

ಮಾತು ಮುಗಿಸುತ್ತಿದ್ದಂತೆ ಪ್ರಶ್ನೆಗಳು ಶುರುವಾದವು. ಮೊದಲನೆಯದು ನಾನು ಕಾಯುತ್ತಿದ್ದದ್ದೇ: ಅಶ್ವಗಂಧವನ್ನು ಭಾರತದ ಜಿನ್ಸೆಂಗ್ ಅನ್ನುತ್ತಾರಲ್ಲ? ಅದು ನಮ್ಮ ಹಿರೇಮದ್ದು, ಬದನೆಯ ಕುಟುಂಬದ ಗಿಡ. ಜಿನ್ಸೆಂಗ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ಸಂಬಂಧ ಕಟ್ಟಿದ್ದು ಆ ಅಡಾಪ್ಟೋಜೆನ್ ಅನ್ನುವ ಪದ. ಡೆನ್ಮಾರ್ಕ್ 2023ರಲ್ಲಿ ಅಶ್ವಗಂಧವನ್ನು ನಿಷೇಧಿಸಿತು. ಆ ನಿರ್ಧಾರ ಸ್ವಲ್ಪ ಅತಿಯಾಯಿತು ಅನ್ನುವುದು ನನ್ನ ಅನಿಸಿಕೆ. ಆದರೆ ಪ್ರಕೃತಿ ನೋಡದೆ ಅಶ್ವಗಂಧ ಬರೆಯುವ ಹಳೆಯ ಪಂಡಿತರು ನಮ್ಮಲ್ಲೂ ಇರಲಿಲ್ಲ, ಅಲ್ವಾ?

ಜಿನ್ಸೆಂಗ್ ತಗೊಂಡಾಗ ಮೂಲಂಗಿ ತಿನ್ನಬಾರದಂತೆ, ನಿಜವಾ ಅಂತ ಒಬ್ಬರು ಕೇಳಿದರು. ಚೀನೀ ಮನೆಗಳಲ್ಲಿ ಹಾಗೇ ಹೇಳುತ್ತಾರೆ. ಬೇರು ಶಕ್ತಿ ತುಂಬುತ್ತದೆ, ಮೂಲಂಗಿ ಇಳಿಸುತ್ತದೆ ಅಂತ. ಎದುರು ಮನೆ ಆಂಟಿ ನನಗೆ ಆ ಎರಡು ವಾರದ ಉಪದ್ರವ ಆದಾಗ ಕುಡಿಸಿದ್ದೂ ಮೂಲಂಗಿ ಸೂಪನ್ನೇ. ನಿದ್ದೆ ಬಂತು. ಮೂಲಂಗಿಯಿಂದಲೋ, ಬಾಟಲಿ ನಿಲ್ಲಿಸಿದ್ದರಿಂದಲೋ ನಾನು ಪ್ರಯೋಗ ಮಾಡಿ ನೋಡಲಿಲ್ಲ.

ಅಷ್ಟೊತ್ತಿಗೆ ಡಬ್ಬಿ ಕೊನೆಯ ಸಾಲಿನಿಂದ ವಾಪಸ್ ಬಂತು. ತೆಗೆದು ನೋಡಿದರೆ ಬೇರಿಗೆ ಒಂದು ಕಾಲು ಇರಲಿಲ್ಲ. ಹತ್ತಿಯ ಮೇಲೆ ಸ್ವಲ್ಪ ಪುಡಿ ಇತ್ತು, ಅಷ್ಟೇ. ಕೆಂಪು ದಾರ ಕಟ್ಟಬೇಕಿತ್ತು ಅಂತ ನಾನು ನಗಾಡಿದೆ, ಎಲ್ಲರೂ ನಕ್ಕರು. ಯಾರೂ ಒಪ್ಪಿಕೊಳ್ಳಲಿಲ್ಲ. ತಗೊಂಡವರು ಇದನ್ನು ಓದುತ್ತಿದ್ದರೆ, ನಿಮಗೆ ವಯಸ್ಸೆಷ್ಟು, ನಿದ್ದೆ ಹೇಗೆ, ಬಿಪಿ ಇದೆಯಾ?